ಬ್ಲಾಗಿಗೆ ಸ್ವಂತ ಡೊಮೇನ್ ಜೋಡಿಸಿದ ಕತೆ

ಗೂಗಲ್‌ನ ಬ್ಲಾಗ್ ಸೇವೆಯಾದ ಬ್ಲಾಗರ್‌ನಲ್ಲಿರುವ ನನ್ನ ಬ್ಲಾಗಿಗೆ ಸ್ವಂತ ಹೆಸರು ಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಹೆಸರಿನ ಬಾಲದಲ್ಲಿ ಬ್ಲಾಗ್‌ಸ್ಪಾಟ್ ಅಂತ ಇರುವುದು ಬೇಜಾರಾಗಿತ್ತು. ಡೊಮೇನ್, ಅಂದರೆ ಸ್ವಂತ ವೆಬ್ ಹೆಸರು, ಕೊಂಡಿದ್ದು ಐದು ನಿಮಿಷದ ಕೆಲಸ. ಅದನ್ನು ಬ್ಲಾಗಿಗೆ ಜೋಡಿಸಲು ಎರಡು ದಿನ ಹಿಡಿಯಿತು. ಅದರಲ್ಲಿ ಒಂದು ದಿನ ಪೂರ್ತಿ ಸುಮ್ನೆ ಕಾದಿದ್ದು.

ಮಾಡಬೇಕಾದ್ದು ಇಷ್ಟೇ. ಬ್ಲಾಗರ್ ಸೆಟ್ಟಿಂಗ್ಸ್‌ನಲ್ಲಿ ಕಸ್ಟಮ್ ಡೊಮೇನ್ ಅನ್ನುವ ಜಾಗದಲ್ಲಿ ಹೊಸ ಹೆಸರು ಹಾಕಬೇಕು, ಮುಂದೆ ಮೂರು ಡಬ್ಲ್ಯೂ ಸೇರಿಸಿಯೇ. ಸೇವ್ ಒತ್ತಿದ ಕೂಡಲೇ ಎರರ್ ಬರುತ್ತದೆ. ಗಾಬರಿ ಬೇಡ, ಅದು ಬರಲೇಬೇಕು. ಆ ಎರರ್ ಒಳಗೇ ಎರಡು ಸಿನೇಮ್ ರೆಕಾರ್ಡುಗಳಿರುತ್ತವೆ, ಅಂದರೆ ಒಂದು ಹೆಸರನ್ನು ಇನ್ನೊಂದರ ಕಡೆ ತಿರುಗಿಸುವ ನಮೂದುಗಳು. ಒಂದು, ಮೂರು ಡಬ್ಲ್ಯೂ ಅನ್ನು ಜಿಎಚ್‌ಎಸ್.ಗೂಗಲ್.ಕಾಮ್ ಕಡೆಗೆ ತಿರುಗಿಸುವುದು. ಇನ್ನೊಂದು, ಡೊಮೇನ್ ನಿಮ್ಮದೇ ಅಂತ ತೋರಿಸುವ ಗುರುತು: ಒಂದು ಪುಟ್ಟ ಕೋಡ್, ಎದುರಿಗೆ ಒಂದು ಉದ್ದನೆಯ ಹೆಸರು. ಎರಡನ್ನೂ ರಿಜಿಸ್ಟ್ರಾರ್‌ನ (ಡೊಮೇನ್ ಮಾರುವ ಕಂಪನಿ) ಡಿಎನ್‌ಎಸ್ (ಹೆಸರು ಕೊಟ್ಟರೆ ಸರ್ವರ್ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಪುಟದಲ್ಲಿ ಹಾಕಿ, ವಾಪಸ್ ಬಂದು ಮತ್ತೆ ಸೇವ್ ಒತ್ತಬೇಕು.

ಹಾಕಿದೆ. ಮತ್ತೆ ಅದೇ ಎರರ್. ಹುಡುಕಿದಲ್ಲೆಲ್ಲ ಒಂದೇ ಉತ್ತರ: ಡಿಎನ್‌ಎಸ್ ಎಲ್ಲ ಕಡೆ ಹರಡಲು 48 ಗಂಟೆ ಬೇಕು, ಕಾಯಿರಿ. ಕಾದೆ. ಮರುದಿನ ಸಂಜೆಯೂ ಅದೇ ಎರರ್ ಕಂಡಾಗ ತಲೆ ಕೆಟ್ಟು ಕಮಾಂಡ್ ಪ್ರಾಂಪ್ಟ್ ತೆರೆದೆ. ಡಿಎನ್‌ಎಸ್ ಏನು ಉತ್ತರ ಕೊಡುತ್ತದೆ ಅಂತ ತೋರಿಸುವ ಎನ್‌ಎಸ್‌ಲುಕಪ್ ಅನ್ನುವ ಕಮಾಂಡ್ ಟೈಪ್ ಮಾಡಿ ನನ್ನ ವಿಳಾಸ ಕೊಟ್ಟೆ. 'ಅಂಥ ಹೆಸರೇ ಇಲ್ಲ' ಅಂದಿತು.

ರಿಜಿಸ್ಟ್ರಾರ್ ಪುಟವನ್ನು ಮತ್ತೆ ಸರಿಯಾಗಿ ನೋಡಿದೆ. ಹೋಸ್ಟ್ ಅನ್ನುವ ಕಾಲಮ್ಮಿನಲ್ಲಿ ಬರೀ ಮೂರು ಡಬ್ಲ್ಯೂ ಹಾಕಬೇಕಿತ್ತು. ಜಾಣತನ ಮಾಡಿ ಇಡೀ ವಿಳಾಸ ಹಾಕಿದ್ದೆ. ಅಲ್ಲಿ ಏನು ಬರೆದರೂ ಅದರ ಕೊನೆಗೆ ಡೊಮೇನ್ ಹೆಸರು ತಾನಾಗಿ ಸೇರಿಕೊಳ್ಳುತ್ತದೆ. ಹಾಗಾಗಿ ನನ್ನ ರೆಕಾರ್ಡ್ ಕೂತಿದ್ದು 'www.ನನ್ನಹೆಸರು.ಕಾಮ್.ನನ್ನಹೆಸರು.ಕಾಮ್' ಅನ್ನುವ ವಿಚಿತ್ರ ವಿಳಾಸದ ಮೇಲೆ. ಅನುಮಾನಕ್ಕೆ ಆ ಜೋಡಿ ಹೆಸರನ್ನೇ ಎನ್‌ಎಸ್‌ಲುಕಪ್‌ಗೆ ಕೊಟ್ಟೆ. ತಟ್ಟನೆ ಗೂಗಲ್ ವಿಳಾಸ ತೋರಿಸಿತು! 48 ಗಂಟೆಯಲ್ಲ, 48 ವರ್ಷ ಕಾದಿದ್ದರೂ ಅದು ಸರಿಯಾಗುತ್ತಿರಲಿಲ್ಲ.

ತಿದ್ದಿದೆ. ಅರ್ಧ ಗಂಟೆ ಬಿಟ್ಟು ಸೇವ್ ಒತ್ತಿದಾಗ ಬ್ಲಾಗರ್ ಒಪ್ಪಿಕೊಂಡಿತು. ಮೊಬೈಲ್ ಡೇಟಾದಲ್ಲಿ ಬ್ಲಾಗ್ ತೆರೆಯಿತು. ಪಕ್ಕದಲ್ಲೇ ಇದ್ದ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇನ್ನೂ ಇಲ್ಲ. ಇದಕ್ಕೂ ನಾನೇ ಕಾರಣ. 'ಹರಡುತ್ತದೆ' ಅನ್ನುವ ಮಾತೇ ದಾರಿ ತಪ್ಪಿಸುತ್ತದೆ. ಡಿಎನ್‌ಎಸ್‌ನಲ್ಲಿ ಯಾವುದೂ ತಾನಾಗಿ ಹರಡುವುದಿಲ್ಲ. ಯಾರಾದರೂ ಕೇಳಿದಾಗ ಮಧ್ಯದ ಸರ್ವರ್ ಉತ್ತರ ತಂದು, ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ, ಅಷ್ಟೇ. 'ಇಲ್ಲ' ಅನ್ನುವ ಉತ್ತರವನ್ನೂ ನೆನಪಿಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ಅನ್ನುವುದನ್ನು ಡೊಮೇನಿನ ಮೂಲ ವಿವರಗಳಿರುವ ಎಸ್‌ಒಎ ರೆಕಾರ್ಡ್ ಹೇಳುತ್ತದೆ. ನನ್ನದರಲ್ಲಿ ಕೊನೆಯ ಸಂಖ್ಯೆ 3600 ಸೆಕೆಂಡ್ ಇತ್ತು, ಅಂದರೆ ಒಂದು ಗಂಟೆ. ರೆಕಾರ್ಡ್ ತಿದ್ದುವ ಒಂದು ನಿಮಿಷ ಮೊದಲು ಲ್ಯಾಪ್‌ಟಾಪ್‌ನಲ್ಲಿ ಆತುರಕ್ಕೆ ಇನ್ನೊಮ್ಮೆ ಕೇಳಿದ್ದೆ. ಆ 'ಇಲ್ಲ' ಒಂದು ಗಂಟೆ ಅಂಟಿಕೊಂಡಿತು. ರೆಕಾರ್ಡ್ ಹಾಕುವ ಮೊದಲೇ ಬ್ರೌಸರ್‌ನಲ್ಲಿ ಇಣುಕಿ ನೋಡಬಾರದು ಅಂತ ಆಗ ಗೊತ್ತಾಯಿತು.

ಮುಂದಿನ ತಲೆನೋವು ಮೂರು ಡಬ್ಲ್ಯೂ ಇಲ್ಲದ ಬರೀ ಹೆಸರು. ಅದನ್ನು ಟೈಪ್ ಮಾಡಿದರೆ ರಿಜಿಸ್ಟ್ರಾರ್‌ನ ಜಾಹೀರಾತು ಪುಟ ಬರುತ್ತಿತ್ತು. ಇಲ್ಲೂ ಸಿನೇಮ್ ಹಾಕಿದರಾಯ್ತು ಅಂದುಕೊಂಡೆ, ಪುಟ ಬಿಡಲಿಲ್ಲ. ಬಿಡದಿರುವುದೇ ಸರಿ. ಸಿನೇಮ್ ಒಂಥರಾ ಅಡ್ಡಹೆಸರು. ಅಡ್ಡಹೆಸರು ಇರುವ ಕಡೆ ಬೇರೆ ರೆಕಾರ್ಡ್ ಇರುವಂತಿಲ್ಲ ಅನ್ನುವುದು 1987ರ ಡಿಎನ್‌ಎಸ್ ನಿಯಮ. ಆದರೆ ಡೊಮೇನಿನ ಬುಡದಲ್ಲಿ, ಅಂದರೆ ಬರೀ ಹೆಸರಿನಲ್ಲಿ, ಎನ್‌ಎಸ್ (ಯಾವ ಸರ್ವರ್ ಉತ್ತರ ಕೊಡಬೇಕು ಅಂತ ಹೇಳುವುದು), ಎಸ್‌ಒಎ ರೆಕಾರ್ಡುಗಳು ಇರಲೇಬೇಕಲ್ವಾ? ಅದಕ್ಕೇ ಅಲ್ಲಿ ಹೆಸರನ್ನು ನೇರವಾಗಿ ಅಂಕೆಗಳ ಐಪಿ ವಿಳಾಸಕ್ಕೆ ಜೋಡಿಸುವ ಎ ರೆಕಾರ್ಡ್ ಬಳಸುತ್ತಾರೆ. ಬ್ಲಾಗರ್‌ಗೆ ನಾಲ್ಕು: 216.239.32.21, 216.239.34.21, 216.239.36.21, 216.239.38.21. ಆಮೇಲೆ ಬ್ಲಾಗರ್‌ನಲ್ಲಿ ರೀಡೈರೆಕ್ಟ್ ಡೊಮೇನ್ ಆನ್ ಮಾಡಿದರೆ ಬರೀ ಹೆಸರು ತಾನಾಗಿ ಮೂರು ಡಬ್ಲ್ಯೂ ಕಡೆಗೆ ಹೋಗುತ್ತದೆ.

ಹೋಯಿತು, ಆದರೆ ಒಮ್ಮೊಮ್ಮೆ ಮಾತ್ರ. ಒಂದು ಸಲ ನನ್ನ ಬ್ಲಾಗ್, ಇನ್ನೊಂದು ಸಲ ಅದೇ ಜಾಹೀರಾತು. ಲುಕಪ್ ಮಾಡಿದರೆ ನಾಲ್ಕಲ್ಲ, ಐದು ವಿಳಾಸ. ಡೊಮೇನ್ ಕೊಂಡಾಗಲೇ ರಿಜಿಸ್ಟ್ರಾರ್ ಹಾಕಿಟ್ಟಿದ್ದ ಹಳೆಯ ಎ ರೆಕಾರ್ಡ್ ಪಟ್ಟಿಯ ತಳದಲ್ಲಿ ಹಾಗೇ ಕೂತಿತ್ತು. ಅಳಿಸಿದ ಮೇಲೆ ಸರಿಹೋಯಿತು.

ಎಚ್‌ಟಿಟಿಪಿಎಸ್‌ಗೆ, ಅಂದರೆ ಸುರಕ್ಷಿತ ಸಂಪರ್ಕಕ್ಕೆ, ಬ್ಲಾಗರ್‌ನಲ್ಲಿ ಎರಡು ಸ್ವಿಚ್ ಇವೆ. ಮೊದಲನೆಯದು ಆನ್ ಮಾಡಿದ ಮೇಲೆ ಸರ್ಟಿಫಿಕೇಟ್ ಬರುವವರೆಗೆ ಕಾಯಬೇಕು. ಇಲ್ಲಿ ಮಾತ್ರ ಕಾಯುವುದಕ್ಕೆ ಅರ್ಥವಿದೆ. ಅದು ಬಂದ ಮೇಲೆ ಎರಡನೆಯದು, ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಕಳಿಸುವ ರೀಡೈರೆಕ್ಟ್. ಅಷ್ಟಾದ ಮೇಲೆ ನನ್ನ ಬ್ಲಾಗಿನ ಮೆನು ಕೆಲಸ ನಿಲ್ಲಿಸಿತು. ಟೆಂಪ್ಲೇಟ್ ಒಳಗೆ ಒಂದು ಸ್ಕ್ರಿಪ್ಟಿನ ವಿಳಾಸ ಹಳೆಯ ಎಚ್‌ಟಿಟಿಪಿಯಲ್ಲೇ ಇದ್ದದ್ದರಿಂದ ಬ್ರೌಸರ್ ಅದನ್ನು ತಡೆದಿತ್ತು. ಒಂದು ಎಸ್ ಸೇರಿಸಿದೆ. ಹಳೆಯ ಬ್ಲಾಗ್‌ಸ್ಪಾಟ್ ಲಿಂಕುಗಳು ತಾವಾಗಿಯೇ ಹೊಸ ಹೆಸರಿಗೆ ಬರುತ್ತಿದ್ದವು, ಆ ಚಿಂತೆ ಇರಲಿಲ್ಲ.

ಒಂದು ಕೆಲಸ ಮಾತ್ರ ಪೂರ್ತಿ ಮರೆತಿದ್ದೆ. ಡಾಟ್ ಕಾಮ್ ಕೊಂಡ ಮೇಲೆ ಇಮೇಲ್ ವಿಳಾಸ ಖಚಿತಪಡಿಸಿ ಅಂತ ರಿಜಿಸ್ಟ್ರಾರ್ ಒಂದು ಮೇಲ್ ಕಳಿಸುತ್ತದೆ. 15 ದಿನದೊಳಗೆ ಅದಕ್ಕೆ ಉತ್ತರಿಸದಿದ್ದರೆ ಡೊಮೇನ್ ಸ್ಥಗಿತವಾಗಬಹುದು. ಎಲ್ಲ ಜೋಡಿಸಿ ನೆಮ್ಮದಿಯಾಗಿದ್ದ ನನಗೆ ಅದು ಸಿಕ್ಕಿದ್ದು ಹನ್ನೆರಡನೇ ದಿನ, ಸ್ಪ್ಯಾಮ್ ಫೋಲ್ಡರ್‌ನಲ್ಲಿ, ಬೇರೇನೋ ಹುಡುಕುವಾಗ.