ಮಂಡಿಯ ಕಂಪ್ಯೂಟರಿನ ಬೂಟ್ ಸಮಯ ತಗ್ಗಿಸಿದ ಬಗೆ: ನನ್ನ ಅನುಭವ

ತೀರ್ಥಹಳ್ಳಿಯ ಅಡಿಕೆ ಮಂಡಿಯೊಂದರ ಲೆಕ್ಕದ ಕಂಪ್ಯೂಟರ್ ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ನಡೆಯುತ್ತದೆ. ಅದನ್ನು ನೋಡಿಕೊಳ್ಳುವ ಕೆಲಸ ನನ್ನದು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುವುದು ಇಲ್ಲಿ ಹೊಸದೇನಲ್ಲ. ಯುಪಿಎಸ್ ಹೆಚ್ಚು ಹೊತ್ತು ತಾಳದ ಕಾರಣ, ಕಂಪ್ಯೂಟರ್ ಆನ್ ಆಗಲು ಹಿಡಿಯುವ ಸಮಯ, ಅಂದರೆ ಬೂಟ್ ಸಮಯ, ದಿನಕ್ಕೆ ಹಲವು ಸಲ ಎಲ್ಲರ ತಾಳ್ಮೆಯನ್ನು ಪರೀಕ್ಷಿಸುತ್ತಿತ್ತು. ಅಡಿಕೆ ತೂಗಿಸಿ ಬಿಲ್ಲಿಗಾಗಿ ನಿಂತವರ ಎದುರು ಕಪ್ಪು ಪರದೆಯಲ್ಲಿ 1 ನಿಮಿಷ 30 ಸೆಕೆಂಡಿನ ಗಡುವು ಎಣಿಕೆಯಾಗುತ್ತಿತ್ತು.

ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್ ಎಂಬ ಆಜ್ಞೆ ಕೊಟ್ಟರೆ ಯಾವ ಸರ್ವಿಸ್ (ಹಿನ್ನೆಲೆಯಲ್ಲಿ ನಡೆಯುವ ಪ್ರೋಗ್ರಾಂ) ಎಷ್ಟು ಹೊತ್ತು ತೆಗೆದುಕೊಂಡಿತು ಎಂಬ ಪಟ್ಟಿ ಸಿಗುತ್ತದೆ. ಹಲವರು ಆ ಪಟ್ಟಿಯ ಮೇಲಿನ ಹೆಸರುಗಳನ್ನೇ ಡಿಸೇಬಲ್ ಮಾಡಲು, ಅಂದರೆ ಬೂಟ್‌ನಲ್ಲಿ ತಾನಾಗಿ ಶುರುವಾಗದಂತೆ ಮಾಡಲು, ಹೊರಡುತ್ತಾರೆ. ಅದು ಸರಿಯಾದ ದಾರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಸರ್ವಿಸ್‌ಗಳು ಏಕಕಾಲದಲ್ಲಿ ಶುರುವಾಗುವುದರಿಂದ, ಹೆಚ್ಚು ಹೊತ್ತು ತೆಗೆದುಕೊಂಡದ್ದೆಲ್ಲ ಉಳಿದವನ್ನು ತಡೆದಿರಬೇಕೆಂದಿಲ್ಲ. ಯಾವುದಕ್ಕಾಗಿ ಯಾವುದು ಕಾಯುತ್ತಿದೆ ಎಂಬುದನ್ನು ಕ್ರಿಟಿಕಲ್-ಚೈನ್ ಎಂಬ ಇನ್ನೊಂದು ಆಜ್ಞೆ ತೋರಿಸುತ್ತದೆ.

ನಮ್ಮಲ್ಲಿ ಆ ಸರಪಳಿಯ ಬುಡದಲ್ಲಿದ್ದುದು ಗೋದಾಮಿನ ಕಂಪ್ಯೂಟರಿನ ಬ್ಯಾಕಪ್ ಫೋಲ್ಡರ್. ಅದನ್ನು ಎನ್‌ಎಫ್‌ಎಸ್ (ಬೇರೆ ಕಂಪ್ಯೂಟರಿನ ಫೋಲ್ಡರನ್ನು ನೆಟ್‌ವರ್ಕಿನಲ್ಲಿ ಬಳಸುವ ವ್ಯವಸ್ಥೆ) ಮೂಲಕ ಜೋಡಿಸುವ ಸಾಲು, ಬೂಟ್‌ನಲ್ಲಿ ಏನೇನು ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿತ್ತು. ನೆಟ್‌ವರ್ಕ್ ಬರುವವರೆಗೆ ಆ ಜೋಡಣೆ ನಡೆಯುವುದಿಲ್ಲ, ಅದು ಮುಗಿಯುವವರೆಗೆ ಲಾಗಿನ್ ಪರದೆಯೂ ಬರುವುದಿಲ್ಲ. ಕರೆಂಟು ಬಂದ ಕೂಡಲೇ ರೂಟರ್ ಕೂಡ ಆಗಷ್ಟೇ ಶುರುವಾಗುತ್ತಿರುತ್ತದೆ. ಗೋದಾಮಿನ ಕಂಪ್ಯೂಟರನ್ನು ಇನ್ನೂ ಯಾರೂ ಆನ್ ಮಾಡಿರುವುದಿಲ್ಲ. ಆ ಸಾಲಿಗೆ ನೋಫೇಲ್ ಮತ್ತು ಎಕ್ಸ್-ಸಿಸ್ಟಮ್‌ಡಿ.ಆಟೊಮೌಂಟ್ ಎಂಬ ಎರಡು ಆಯ್ಕೆಗಳನ್ನು ಸೇರಿಸಿದೆ. ಮೊದಲನೆಯದು ಜೋಡಣೆ ಆಗದಿದ್ದರೂ ಬೂಟ್ ಮುಂದುವರಿಯಲಿ ಎನ್ನುತ್ತದೆ, ಎರಡನೆಯದು ಬೇಕಾದಾಗ ಜೋಡಿಸುತ್ತದೆ. ಈಗ ಯಾರಾದರೂ ಫೋಲ್ಡರ್ ತೆರೆದಾಗ ಮಾತ್ರ ಅದು ಜೋಡಣೆಯಾಗುತ್ತದೆ. ನೆಟ್‌ವರ್ಕಿಗಾಗಿಯೇ ಕಾಯುವ ನೆಟ್‌ವರ್ಕ್‌ಮ್ಯಾನೇಜರ್-ವೇಟ್-ಆನ್‌ಲೈನ್ ಸರ್ವಿಸನ್ನು, ಬೇರೆ ಯಾವುದೂ ಅದನ್ನು ಅವಲಂಬಿಸಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಡಿಸೇಬಲ್ ಮಾಡಿದೆ. ಸಮಯದ ದೊಡ್ಡ ಪಾಲು ಉಳಿದದ್ದು ಇಷ್ಟರಲ್ಲಿಯೇ.

ಬ್ಲೂಟೂತ್ ಮತ್ತು ಮೋಡೆಮ್‌ಮ್ಯಾನೇಜರ್ ಮಂಡಿಗೆ ಬೇಕಿರಲಿಲ್ಲ, ತೆಗೆದೆ. ಮುದ್ರಣ ನೋಡಿಕೊಳ್ಳುವ ಕಪ್ಸ್ ಸರ್ವಿಸ್ ಮಾತ್ರ ಸ್ವಲ್ಪ ಗಮನ ಬೇಡಿತು. ಕಪ್ಸ್ ಸರ್ವಿಸನ್ನು ಡಿಸೇಬಲ್ ಮಾಡಿದರೆ ಅದರ ಸಾಕೆಟ್ (ಮುದ್ರಣದ ಕೋರಿಕೆ ಬಂದು ತಟ್ಟುವ ಬಾಗಿಲು) ಕೂಡ ಜೊತೆಗೆ ಡಿಸೇಬಲ್ ಆಗುತ್ತದೆ. ಸಾಕೆಟನ್ನು ಪ್ರತ್ಯೇಕವಾಗಿ ಮತ್ತೆ ಎನೇಬಲ್ ಮಾಡಿದರೆ, ಬಿಲ್ ಮುದ್ರಿಸಲು ಹೇಳಿದಾಗ ಸರ್ವಿಸ್ ತಾನಾಗಿಯೇ ಏಳುತ್ತದೆ. ನೆಟ್‌ವರ್ಕಿನಲ್ಲಿರುವ ಪ್ರಿಂಟರುಗಳನ್ನು ಹುಡುಕುವ ಕಪ್ಸ್-ಬ್ರೌಸ್ಡ್ ಉಳಿದಿದ್ದರೆ ಅದು ಬೂಟ್ ಸಮಯದಲ್ಲೇ ಕಪ್ಸನ್ನು ಎಬ್ಬಿಸುವುದರಿಂದ ಅದನ್ನೂ ತೆಗೆಯಬೇಕಾಯಿತು. ಡಿಸೇಬಲ್ ಮಾಡಿದ್ದನ್ನು ಬೇರೊಂದು ಸರ್ವಿಸ್ ಹೀಗೆ ಎಬ್ಬಿಸಬಲ್ಲದು. ಮಾಸ್ಕ್ ಮಾಡಿದ್ದನ್ನು, ಅಂದರೆ ಪೂರ್ತಿ ಬೀಗ ಹಾಕಿದ್ದನ್ನು, ಯಾವುದೂ ಎಬ್ಬಿಸಲಾರದು. ಮುಂದೆ ಬೇಕಾಗಬಹುದಾದದ್ದಕ್ಕೆ ಮಾಸ್ಕ್ ಬಳಸದಿರುವುದು ಒಳ್ಳೆಯದು.

ಡೇಟಾಬೇಸ್ ಆದ ಮರಿಯಾಡಿಬಿಗೆ ನಾನು ಕೈ ಹಚ್ಚಲಿಲ್ಲ. ಕರೆಂಟು ಹಠಾತ್ತನೆ ಹೋದ ಮೇಲೆ ಅದು ತನ್ನ ಲಾಗ್ ಓದಿ ಡೇಟಾವನ್ನು ಸರಿಪಡಿಸಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ, ತೆಗೆದುಕೊಳ್ಳಲೇಬೇಕು. ಗಡಿಯಾರ ಹೊಂದಿಸುವ ಟೈಮ್‌ಸಿಂಕ್‌ಡಿಯನ್ನೂ ಹಾಗೆಯೇ ಬಿಟ್ಟೆ. ಮದರ್‌ಬೋರ್ಡಿನ ಸೆಲ್ ಸತ್ತ ಹಳೆಯ ಯಂತ್ರದಲ್ಲಿ ಅದಿಲ್ಲದಿದ್ದರೆ ಬಿಲ್ಲಿನ ಮೇಲೆ ಎಂದಿನದೋ ತಾರೀಖು ಬೀಳುತ್ತದೆ.