ಯಾವುದರ ಮೇಲೆ ನೂರಕ್ಕಿಷ್ಟು? ಶೇಕಡಾ ಲೆಕ್ಕ ಕಲಿತ ನನ್ನ ಅನುಭವ

ಬ್ಯಾಂಕ್ ಗುಮಾಸ್ತರ ಹುದ್ದೆಗೆ ಬ್ಯಾಂಕ್ ಸಿಬ್ಬಂದಿ ಆಯ್ಕೆ ಸಂಸ್ಥೆಯಾದ ಐಬಿಪಿಎಸ್ ನಡೆಸುವ ಪೂರ್ವಭಾವಿ ಪರೀಕ್ಷೆಯಲ್ಲಿ ಸಂಖ್ಯಾ ಸಾಮರ್ಥ್ಯದ 35 ಪ್ರಶ್ನೆಗಳಿಗೆ ಸಿಗುವುದು 20 ನಿಮಿಷ. ಒಂದು ಪ್ರಶ್ನೆಗೆ 34 ಸೆಕೆಂಡಿಗಿಂತ ತುಸು ಹೆಚ್ಚು. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ, ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ತೀರ್ಥಹಳ್ಳಿ ಸಮೀಪದ ನಮ್ಮ ಹಳ್ಳಿಯಿಂದ ಶಿವಮೊಗ್ಗಕ್ಕೆ ಬಂದು ಮೊದಲ ಸಲ ಇದನ್ನು ಬರೆದಾಗ ನಾನು ಶಾಲೆಯಲ್ಲಿ ಕಲಿತ ಕ್ರಮವನ್ನೇ ನೆಚ್ಚಿಕೊಂಡಿದ್ದೆ: ಗುಣಿಸು, ನೂರರಿಂದ ಭಾಗಿಸು. 648ರ ಶೇ. 37.5 ಎಷ್ಟು ಎಂದು ಕೇಳಿದಾಗ 648ನ್ನು 37.5ರಿಂದ ಗುಣಿಸುತ್ತಾ ಹಾಳೆಯ ಕಾಲು ಭಾಗ ತುಂಬಿಸಿದೆ. 16 ಪ್ರಶ್ನೆ ಮುಟ್ಟುವಷ್ಟರಲ್ಲಿ ಸಮಯ ಮುಗಿದಿತ್ತು.

ಈ ಗುಣಾಕಾರದಿಂದ ನನ್ನನ್ನು ಬಿಡಿಸಿದ್ದು ಅಜ್ಜಯ್ಯನ ಆಣೆ ಲೆಕ್ಕ. 1957ರ ಏಪ್ರಿಲ್‌ನಲ್ಲಿ ದಶಮಾಂಶ ನಾಣ್ಯ ಬರುವವರೆಗೆ ರೂಪಾಯಿಗೆ 16 ಆಣೆ ಇದ್ದುದರಿಂದ ಆ ಕಾಲದವರು ಪೂರ್ತಿ ಬೆಳೆಯನ್ನು ಹದಿನಾರಾಣೆ ಎಂದು ಹಿಡಿದು, ಬೆಳೆಯನ್ನೂ ಆಣೆಯಲ್ಲೇ ಅಂದಾಜು ಮಾಡುತ್ತಿದ್ದರು. ಒಂದು ಸಂಜೆ ಅಜ್ಜಯ್ಯ ಜಗಲಿಯಲ್ಲಿ ಕುಳಿತು, ಈ ಸಲ ಗದ್ದೆಯಲ್ಲಿ ಹತ್ತಾಣೆ ಬೆಳೆ ಎಂದರು. "ಹತ್ತಾಣೆ ಅಂದ್ರೆ ನೂರಕ್ಕೆ ಎಷ್ಟು ಅಜ್ಜಯ್ಯ?" ಎಂದು ಕೇಳಿದ್ದಕ್ಕೆ, "ನೂರು ಯಾಕೆ ಮಾರಾಯ? ಎಂಟು ಪಾಲು ಮಾಡಿ ಐದು ತಗೋ" ಎಂದರು. ಎಂಟರಲ್ಲಿ ಐದು ಎಂದರೆ ಶೇ. 62.5. ಹಾಗೆಯೇ ಎರಡಾಣೆ ಶೇ. 12.5, ಆರಾಣೆ ಶೇ. 37.5, ಹದಿನಾಲ್ಕಾಣೆ ಶೇ. 87.5, ಒಂದಾಣೆ ಶೇ. 6.25. ನಾನು ಹಾಳೆ ತುಂಬಿಸಿದ ಲೆಕ್ಕವೂ ಆರಾಣೆಯದೇ: 648ರ ಎಂಟನೆಯ ಒಂದು ಪಾಲು 81, ಅದರ ಮೂರರಷ್ಟು 243. ಆಣೆಗೆ ಹೊಂದದ ಭಿನ್ನರಾಶಿಗಳನ್ನು ಮಾತ್ರ ಬಾಯಿಪಾಠ ಮಾಡಬೇಕಾಯಿತು: ಮೂರನೆಯ ಒಂದು 33.33, ಆರನೆಯದು 16.67, ಏಳನೆಯದು 14.29, ಒಂಬತ್ತನೆಯದು 11.11, ಹನ್ನೊಂದನೆಯದು 9.09, ಹನ್ನೆರಡನೆಯದು 8.33. ಶಿವಮೊಗ್ಗದ ಬಸ್ಸಿನಲ್ಲಿ ಮಂಡಗದ್ದೆ ದಾಟಿ ಗಾಜನೂರು ಬರುವವರೆಗೆ ಟಿಕೆಟ್ಟಿನ ಸಂಖ್ಯೆಯ ಕೊನೆಯ ಮೂರು ಅಂಕಿ ಹಿಡಿದು ಇವನ್ನೇ ಪ್ರಯೋಗಿಸುತ್ತಿದ್ದೆ. ಭಿನ್ನರಾಶಿಗೆ ಒಗ್ಗದ ಶೇ. 17ರಂಥವನ್ನು ಒಡೆದು ಕೂಡಿಸುವುದು ಸಲೀಸು: 640ರ ಶೇ. 10 ಎಂದರೆ 64, ಶೇ. 5 ಅದರ ಅರ್ಧ 32, ಶೇ. 2 ಎಂದರೆ 12.8, ಒಟ್ಟು 108.8. 25ರ ಶೇ. 48 ಎಂಬುದನ್ನು 48ರ ಶೇ. 25 ಎಂದು ತಿರುಗಿಸಿ ನೋಡಿದರೆ 12 ಎಂಬ ಉತ್ತರ ತಾನಾಗಿ ಸಿಗುತ್ತದೆ.

ವೇಗ ಇಷ್ಟಕ್ಕೇ ಬಂತು. ಆದರೆ ಅಂಕ ಬರಲಿಲ್ಲ. ಅಣಕು ಪರೀಕ್ಷೆಗಳಲ್ಲಿ ನನ್ನ ತಪ್ಪುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ, ಅವುಗಳಲ್ಲಿ ಹೆಚ್ಚಿನವು ಗುಣಿಸುವ ತಪ್ಪುಗಳಾಗಿರದೆ, ಯಾವುದರ ಮೇಲೆ ಶೇಕಡಾ ಎಂದು ನೋಡದ ತಪ್ಪುಗಳಾಗಿದ್ದವು. ಒಂದು ಚುನಾವಣೆಯ ಲೆಕ್ಕ ಹೀಗಿತ್ತು: ಚಲಾವಣೆಯಾದ ಮತಗಳಲ್ಲಿ ಶೇ. 10 ಅಸಿಂಧು, ಇಬ್ಬರೇ ಅಭ್ಯರ್ಥಿಗಳಿದ್ದು, ಸಿಂಧು ಮತಗಳಲ್ಲಿ ಶೇ. 60 ಪಡೆದವನು 2,700 ಮತಗಳಿಂದ ಗೆದ್ದ, ಚಲಾವಣೆಯಾದ ಮತಗಳೆಷ್ಟು? 60ಕ್ಕೂ 40ಕ್ಕೂ ಅಂತರ 20, ಅಂದರೆ ಐದನೆಯ ಒಂದು ಪಾಲು 2,700, ಆದ್ದರಿಂದ 13,500 ಎಂದು ಎಂಟು ಸೆಕೆಂಡಿನಲ್ಲಿ ಗುರುತು ಹಾಕಿದೆ. ಆ 13,500 ಸಿಂಧು ಮತಗಳ ಸಂಖ್ಯೆ. ಅದು ಒಟ್ಟಿನ ಶೇ. 90 ಆದ್ದರಿಂದ ಸರಿಯುತ್ತರ 15,000. ಪ್ರಶ್ನೆ ತೆಗೆಯುವವರಿಗೆ ಈ ಅವಸರ ಚೆನ್ನಾಗಿ ಗೊತ್ತಿರುತ್ತದೆ. ಇಲ್ಲದಿದ್ದರೆ ಆಯ್ಕೆಗಳಲ್ಲಿ 13,500 ಇರುವ ಅಗತ್ಯವೇನಿತ್ತು?

ಇನ್ನೊಂದು ತಪ್ಪನ್ನು ಹಿಡಿದದ್ದು ಅಮ್ಮ. ಶೇ. 70 ನೀರಿರುವ 100 ಕೆ.ಜಿ. ಹಸಿ ಮೆಣಸನ್ನು ಶೇ. 10 ನೀರು ಉಳಿಯುವಂತೆ ಒಣಗಿಸಿದರೆ ತೂಕವೆಷ್ಟು ಎಂಬ ಲೆಕ್ಕವನ್ನು ಅಂಗಳದಲ್ಲಿ ಮೆಣಸು ಹರವುತ್ತಿದ್ದ ಅಮ್ಮನೆದುರು ಗಟ್ಟಿಯಾಗಿ ಓದಿ, 70ರಲ್ಲಿ 10 ಕಳೆದು, 60 ಕೆ.ಜಿ. ನೀರು ಹೋಗಿ 40 ಉಳಿಯಿತು ಎಂದೆ. "ನಲವತ್ತು ಎಲ್ಲಿಂದ ಬರ್ತದೆ? ಮೂರು ಕೆ.ಜಿ. ಹಸಿಗೆ ಒಂದು ಕೆ.ಜಿ. ಒಣ ಸಿಕ್ಕಿದ್ರೆ ಪುಣ್ಯ" ಎಂದು ಅಮ್ಮ ಕೈ ನಿಲ್ಲಿಸದೆ ಹೇಳಿದರು. ಮತ್ತೆ ಲೆಕ್ಕ ಹಾಕಿದೆ. ಒಣಗುವಾಗ ಬದಲಾಗದೆ ಉಳಿಯುವುದು 30 ಕೆ.ಜಿ. ಗಟ್ಟಿ ಭಾಗ, ಒಣಗಿದ ಮೇಲೆ ಅದೇ ಒಟ್ಟು ತೂಕದ ಶೇ. 90 ಆಗುತ್ತದೆ, 30ನ್ನು 9ರಿಂದ ಭಾಗಿಸಿ 10ರಿಂದ ಗುಣಿಸಿದರೆ 33.33. ಮೊದಲ ಶೇ. 70 ನೂರರ ಮೇಲಿನದು, ಕೊನೆಯ ಶೇ. 10 ಮೂವತ್ತಮೂರರ ಮೇಲಿನದು. ಎರಡು ಬೇರೆ ಬೇರೆ ರಾಶಿಗಳ ಶೇಕಡಾವನ್ನು ನಾನು ಒಂದರಿಂದೊಂದು ಕಳೆದಿದ್ದೆ. ಅಂದಿನಿಂದ ಮಿಶ್ರಣ, ಒಣಗುವಿಕೆಯ ಲೆಕ್ಕ ಬಂದಾಗಲೆಲ್ಲ ಮೊದಲು ಬದಲಾಗದ ಭಾಗವನ್ನು ಹುಡುಕುತ್ತೇನೆ.

ಬೆಲೆ ಏರಿಳಿತದ ಲೆಕ್ಕಗಳೂ ಇದೇ ಜಾತಿಯವು. ಕ್ವಿಂಟಲ್‌ಗೆ 50,000 ರೂಪಾಯಿ ಇದ್ದ ಅಡಿಕೆ ಶೇ. 20 ಏರಿ ಮತ್ತೆ ಶೇ. 20 ಇಳಿದರೆ 60,000 ಮುಟ್ಟಿ 48,000ಕ್ಕೆ ನಿಲ್ಲುತ್ತದೆ, ಏಕೆಂದರೆ ಇಳಿದದ್ದು ಏರಿದ ಬೆಲೆಯ ಮೇಲೆ. ಸಕ್ಕರೆಯ ಬೆಲೆ ಶೇ. 25 ಏರಿದರೆ ಖರ್ಚು ಹೆಚ್ಚದಂತೆ ಬಳಕೆಯನ್ನು ಎಷ್ಟು ತಗ್ಗಿಸಬೇಕು ಎಂದರೆ, ನಾಲ್ಕರಲ್ಲಿ ಒಂದು ಪಾಲು ಏರಿ ನಾಲ್ಕು ಐದಾಯಿತು, ಐದನ್ನು ನಾಲ್ಕಾಗಿಸಬೇಕು, ಅಂದರೆ ಶೇ. 20. ಏಳರಲ್ಲಿ ಒಂದು ಪಾಲು ಏರಿದ್ದರೆ ಎಂಟರಲ್ಲಿ ಒಂದು ಪಾಲು ಇಳಿಸಬೇಕು. ಸೂತ್ರಗಳ ಪಟ್ಟಿಯನ್ನು ಉರು ಹೊಡೆಯುವುದಕ್ಕಿಂತ ಇದು ನನಗೆ ಹೆಚ್ಚು ಒಗ್ಗಿತು. ಒತ್ತಡದಲ್ಲಿ ಸೂತ್ರದ ಕೂಡು, ಕಳೆ ಚಿಹ್ನೆಗಳು ಅದಲುಬದಲಾಗುತ್ತವೆ.

ಎರಡನೆಯ ಸಲ 28 ಪ್ರಶ್ನೆ ಮುಟ್ಟಿದೆ, ಉಳಿದವನ್ನು ಬೇಕೆಂದೇ ಬಿಟ್ಟೆ. ಮುಟ್ಟಿದವುಗಳಲ್ಲೊಂದು ಪೈ ಚಾರ್ಟಿನ ಪ್ರಶ್ನೆ: ಒಟ್ಟು 2,400 ನೌಕರರು, ಒಂದು ವಿಭಾಗದ ಕೋನ 54 ಡಿಗ್ರಿ, ಆ ವಿಭಾಗದಲ್ಲಿ ಶೇ. 40 ಮಹಿಳೆಯರು, ಅವರೆಷ್ಟು ಮಂದಿ? ವೃತ್ತದ 360 ಡಿಗ್ರಿಯಲ್ಲಿ ಶೇ. 1 ಎಂದರೆ 3.6 ಡಿಗ್ರಿ, ಹಾಗಾಗಿ ವಿಭಾಗ ಶೇ. 15, ಅಂದರೆ 360 ನೌಕರರು. ಇಲ್ಲಿ ಒಂದು ಉಸಿರು ನಿಂತು, ಶೇ. 40 ಯಾವುದರ ಮೇಲೆ ಎಂದು ಮತ್ತೊಮ್ಮೆ ಓದಿ, 144ಕ್ಕೆ ಗುರುತು ಹಾಕಿದೆ. ಕೆಳಗಿನ ಆಯ್ಕೆಯಲ್ಲಿ 2,400ರ ಶೇ. 40 ಆದ 960 ಕೂಡ ಇತ್ತು.