ಹಿತ್ತಲಲ್ಲಿ ಗಿನಿ ಪಿಗ್, ಬೀದಿಯಲ್ಲಿ ನಾಯಿ: ನಾನು ಮಾಡಿಕೊಂಡ ವ್ಯವಸ್ಥೆ

ಗಿನಿ ಪಿಗ್ ಎಂಬ ಪುಟ್ಟ ಸಾಕುಪ್ರಾಣಿ ಸಾಯಬೇಕಾದರೆ ನಾಯಿ ಗೂಡಿನೊಳಗೆ ನುಗ್ಗಲೇಬೇಕೆಂದಿಲ್ಲ. ಜಾಲರಿಯ ಆಚೆ ನಿಂತು ಬೊಗಳುತ್ತಾ, ಕಾಲಲ್ಲಿ ಕೆರೆಯುತ್ತಾ ಸುತ್ತು ಹೊಡೆದರೂ ಸಾಕು, ಒಳಗಿನ ಪ್ರಾಣಿ ಹೆದರಿಕೆಗೇ ಸತ್ತುಹೋಗಬಹುದು. ಇಲ್ಲವೇ ಮೇವು ಬಿಟ್ಟು ಒಂದೆರಡು ದಿನದಲ್ಲಿ ಕಣ್ಣು ಮುಚ್ಚಬಹುದು. ನಮ್ಮ ಹಿತ್ತಲಿನ ಗೂಡು ಕಟ್ಟಿಸುವಾಗ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ. ಗೂಡು ಗಟ್ಟಿಯಾಗಿರಬೇಕು, ಅದು ಸರಿ. ಆದರೆ ನಾಯಿ ಅದರ ಹತ್ತಿರಕ್ಕೇ ಬರಬಾರದು, ಬಂದರೂ ಒಳಗೆ ಏನಿದೆ ಎಂದು ಅದರ ಕಣ್ಣಿಗೆ ಬೀಳಬಾರದು.

ನಮ್ಮದು ಹಾಸನದ ಹೊರವಲಯದ ಒಂದು ಬಡಾವಣೆ. ಅರ್ಧ ಮನೆ, ಅರ್ಧ ಖಾಲಿ ಸೈಟು. ಖಾಲಿ ಸೈಟುಗಳಲ್ಲಿ ಪಾರ್ಥೇನಿಯಂ ಗಿಡ, ಮನೆ ಕಟ್ಟಿದ ಕಸ, ಅದರ ಮರೆಯಲ್ಲಿ ನಾಯಿಗಳ ಸಂಸಾರ. ಮಕ್ಕಳ ಆಸೆಗೆಂದು ತಂದ ಗಿನಿ ಪಿಗ್‌ಗಳು ಈಗ ನನ್ನ ಕೈಗೇ ಬಿದ್ದಿವೆ, ಅವುಗಳ ಮೇಲೆ ನನಗೆ ಬಹಳ ಅಕ್ಕರೆ. ಹಗಲಲ್ಲಿ ಅವು ಹೊರಗಿರಬೇಕೆಂಬುದು ನನ್ನ ಹಟ. ಅವುಗಳ ಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತಿರುತ್ತದೆ. ಗರಿಕೆ ಜಗಿಯುತ್ತಲೇ ಇದ್ದರೆ ಮಾತ್ರ ಸವೆಯುತ್ತದೆ. ಕಾಲಾಡಿಸಲು ಜಾಗವೂ ಬೇಕು. ಹಾಸನದ ಹವೆ ಅವಕ್ಕೆ ಹೆಚ್ಚು ಕಡಿಮೆ ಒಗ್ಗುತ್ತದೆ. 28–30 ಡಿಗ್ರಿ ದಾಟಿದರೆ ತಾಳಲಾರವು, ಹಾಗಾಗಿ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನಗಳಲ್ಲಿ ಒಳಗೆ ತಂದುಬಿಡುತ್ತೇನೆ. ಮೂಲದಲ್ಲಿ ಇವು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸೀಮೆಯವು. ಬಿಲ ತೋಡಿ ಅಡಗಲಾರವು, ಮರ ಹತ್ತಲಾರವು, ತಿರುಗಿ ಬಿದ್ದು ಕಾದಾಡಲಾರವು. ಅಪಾಯ ಕಂಡರೆ ನಿಂತಲ್ಲೇ ಮರಗಟ್ಟುತ್ತವೆ, ಇಲ್ಲದಿದ್ದರೆ ದಿಕ್ಕಾಪಾಲಾಗಿ ಓಡುತ್ತವೆ. ಸಣ್ಣ ಪ್ರಾಣಿ ಓಡುವುದು ಕಂಡ ಮೇಲೆ ಸುಮ್ಮನಿರುವ ನಾಯಿ ಯಾವುದು?

ನಮ್ಮ ಹಿಂದಿನ ರಸ್ತೆಯ ಒಂದು ಮನೆಯಲ್ಲಿ ಒಮ್ಮೆ ರಾತ್ರಿ ನಾಯಿಗಳು ಗೂಡಿನ ಮೇಲೆ ಬಿದ್ದಿದ್ದವು. ಆಗಿನ್ನೂ ನಮ್ಮ ಗೂಡು ಕಟ್ಟಿರಲಿಲ್ಲ. ಆ ಮನೆಯವರನ್ನು ಕೇಳಿಕೊಂಡು, ಬೆಳಿಗ್ಗೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಗೂಡನ್ನು ಇಂಚಿಂಚೂ ನೋಡಿದೆ. ಅವರು ಹಾಕಿಸಿದ್ದು ಕೋಳಿ ಜಾಲರಿ, ಆರು ಮೂಲೆಯ ಕಣ್ಣಿನ ತೆಳು ತಂತಿಯದು. ನಾಯಿ ಅದನ್ನು ಕಚ್ಚಿ ಹರಿದಿರಬಹುದು ಅಂದುಕೊಂಡಿದ್ದೆ. ಹಾಗಾಗಿರಲಿಲ್ಲ. ಜಾಲರಿಯನ್ನು ಮರದ ಕಂಬದ ಒಳಮೈಗೆ ಯು ಮೊಳೆ ಹೊಡೆದು ಕೂರಿಸಿದ್ದರು. ನಾಯಿ ಹೊರಗಿನಿಂದ ಮೈಭಾರ ಬಿಟ್ಟು ತಳ್ಳಿದಾಗ ಮೊಳೆಗಳು ಒಂದೊಂದಾಗಿ ಕಿತ್ತುಬಂದಿದ್ದವು. ಕೆಳಗಿನ ಮೂಲೆಯ ಮೊಳೆಗಳು ಹುಲ್ಲಿನಲ್ಲೇ ಬಿದ್ದಿದ್ದವು, ಬಾಗಿಯೂ ಇರಲಿಲ್ಲ. ಇನ್ನೊಂದು ಬದಿಯಲ್ಲಿ ಜಾಲರಿಯ ಬುಡದಲ್ಲೇ ಒಂದು ಗೇಣು ಆಳದ ಗುಂಡಿ, ಅದರ ಅಂಚಿನ ಹಸಿ ಮಣ್ಣಿನಲ್ಲಿ ಉಗುರಿನ ಗೀರು. ಅಂದರೆ ತಳ್ಳಿ ಒಂದು ದಾರಿ, ತೋಡಿ ಒಂದು ದಾರಿ. ಒಂದು ಗಿನಿ ಪಿಗ್ ಬದುಕಿಕೊಂಡಿತ್ತು, ಮೈಮೇಲೆ ಒಂದು ಗೀರೂ ಇರಲಿಲ್ಲ. ಮೂಲೆ ಬಿಟ್ಟು ಕದಲಲಿಲ್ಲ, ಕೊತ್ತಂಬರಿ ಸೊಪ್ಪು ಬಾಯಿ ಹತ್ತಿರ ಹಿಡಿದರೂ ಮೂಸಲಿಲ್ಲ. ಮಾರನೆಯ ದಿನ ಅದೂ ಹೋಯಿತು. ಆ ಮನೆಯ ಹುಡುಗಿ ಅತ್ತದ್ದು ನನಗೆ ಇವತ್ತಿಗೂ ಮರೆತಿಲ್ಲ.

ನಮ್ಮ ಗೂಡಿನ ಲೆಕ್ಕಾಚಾರ ಶುರುವಾದದ್ದು ಅಲ್ಲಿಂದ. ಕೋಳಿ ಜಾಲರಿ ಕೋಳಿ ಹೊರಗೆ ಹೋಗದಂತೆ ತಡೆಯಲು ಇರುವುದು, ನಾಯಿ ಒಳಗೆ ಬರದಂತೆ ತಡೆಯಲು ಅಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ವೆಲ್ಡ್ ಮೆಶ್, ಅಂದರೆ ತಂತಿಗಳನ್ನು ಸೇರುವಲ್ಲೆಲ್ಲ ಬೆಸೆದ ಗಟ್ಟಿ ಜಾಲರಿ, ಎಂದು ಕೇಳಿ. ತಂತಿಯ ದಪ್ಪವನ್ನು ಗೇಜ್‌ನಲ್ಲಿ ಹೇಳುತ್ತಾರೆ. ನಂಬರ್ ಹೆಚ್ಚಿದಷ್ಟೂ ತಂತಿ ತೆಳುವಾಗುತ್ತದೆ ಎಂಬುದು ನೆನಪಿರಲಿ. 14 ಗೇಜ್ ಎಂದರೆ ಸುಮಾರು 2 ಮಿಲಿಮೀಟರ್, 12 ಗೇಜ್ ಎಂದರೆ ಎರಡೂವರೆಗಿಂತ ತುಸು ಜಾಸ್ತಿ. ನಾನು ತಂದದ್ದು ಒಂದಿಂಚು ಕಣ್ಣಿನ 12 ಗೇಜ್. ನಾಯಿಗೆ ಇದು ಸಾಕು. ಆದರೆ ಒಂದಿಂಚಿನ ಕಣ್ಣಲ್ಲಿ ಹಾವು ನುಸುಳುತ್ತದೆ, ನಮ್ಮ ಕಡೆ ಕೇರೆ ಹಾವು, ಹೆಗ್ಗಣ ಎರಡಕ್ಕೂ ಬರವಿಲ್ಲ. ಅದಕ್ಕೇ ಒಳಬದಿಗೆ ಎರಡು ಅಡಿ ಎತ್ತರದವರೆಗೆ ಅರ್ಧ ಇಂಚಿನ ತೆಳು ಮೆಶ್ ಇನ್ನೊಂದು ಪದರ ಹಾಕಿಸಿದೆ.

ಚೌಕಟ್ಟು ಒಂದಿಂಚಿನ ಎಲ್ ಆಂಗಲ್‌ನದು, ಅಂದರೆ ಎಲ್ ಆಕಾರಕ್ಕೆ ಮಡಿಚಿದಂಥ ಕಬ್ಬಿಣದ ಪಟ್ಟಿಯದು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡೂವರೆ ಅಡಿ ಎತ್ತರ, ಮೇಲೆಯೂ ಮೆಶ್. ಮೇಲ್ಭಾಗ ಮುಚ್ಚದಿದ್ದರೆ ನಾಯಿಯ ಮಾತಿರಲಿ, ಬೆಕ್ಕು, ಹದ್ದು, ಕಾಗೆಗಳೇ ಸಾಕು. ವೆಲ್ಡಿಂಗ್ ಮಾಡುವ ಹುಡುಗ, "ಅಕ್ಕಾ, ಜಾಲರಿ ಒಳಗಡೆಯಿಂದ ಹೊಡೆದ್ರೆ ನೋಡೋಕೆ ನೀಟಾಗಿರುತ್ತೆ" ಅಂದ. "ಬೇಡಪ್ಪಾ, ಹೊರಗಡೆಯಿಂದಲೇ ಹಾಕು" ಅಂದೆ. ಹೊರಮೈಗೆ ಕೂರಿಸಿದರೆ ನಾಯಿ ತಳ್ಳಿದಷ್ಟೂ ಜಾಲರಿ ಆಂಗಲ್‌ಗೇ ಒತ್ತಿಕೊಳ್ಳುತ್ತದೆ, ಕೀಳುವುದಿಲ್ಲ. ಒಳಗೆ ಕೂರಿಸಿದರೆ ಬೆಸುಗೆಯೊಂದೇ ಅದನ್ನು ಹಿಡಿದಿರಬೇಕು. ಅವನಿಗೆ ಒಮ್ಮೆ ಕೈಯಲ್ಲಿ ತಳ್ಳಿ ತೋರಿಸಿದ ಮೇಲೆ ತಕರಾರಿಲ್ಲದೆ ಮಾಡಿಕೊಟ್ಟ.

ನೆಲದ ವಿಷಯಕ್ಕೆ ಹೆಚ್ಚು ಗಮನ ಕೊಡಿ ಎಂದು ಎಲ್ಲರಿಗೂ ಒತ್ತಿ ಹೇಳುತ್ತೇನೆ. ನಾಯಿ ತೋಡುವುದು ಗೋಡೆಯ ಬುಡದಲ್ಲೇ. ಮೂಗಿಗೆ ವಾಸನೆ ಬಡಿಯುವ ಜಾಗದಲ್ಲಿ ಕಾಲು ಹಾಕುತ್ತದೆ, ಎರಡು ಅಡಿ ಹಿಂದೆ ಸರಿದು ಸುರಂಗ ತೋಡಬೇಕೆಂದು ಅದಕ್ಕೆ ಹೊಳೆಯುವುದಿಲ್ಲ. ಹಾಗಾಗಿ ಜಾಲರಿಯನ್ನು ಆಳಕ್ಕೆ ಹೂಳುವುದಕ್ಕಿಂತ ನೆಲದ ಮೇಲೆ ಹೊರಮುಖವಾಗಿ ಹಾಸುವುದೇ ಸುಲಭ, ಅದೇ ಒಳ್ಳೆಯದು. ಗೂಡಿನ ಸುತ್ತ ಎರಡು ಅಡಿ ಅಗಲದ ಮೆಶ್ ಪಟ್ಟಿಯನ್ನು ಕೆಳಗಿನ ಆಂಗಲ್‌ಗೆ ಬೈಂಡಿಂಗ್ ವೈರಿನಿಂದ ಬಿಗಿಯಾಗಿ ಕಟ್ಟಿ, ನೆಲಕ್ಕೆ ಹಾಸಿ, ಮೇಲೆ ಒಂದು ಪದರ ಜಲ್ಲಿ, ನಾಲ್ಕು ಮೂಲೆಗೆ ಸೈಜುಗಲ್ಲು ಇಟ್ಟೆ. ನಾಯಿ ಎಲ್ಲಿ ಕೆರೆದರೂ ಉಗುರಿಗೆ ತಂತಿ ಸಿಗುತ್ತದೆ, ಸ್ವಲ್ಪ ಹೊತ್ತಿಗೆ ಬೇಸತ್ತು ಬಿಡುತ್ತದೆ. ಮಳೆಗಾಲದಲ್ಲಿ ಮಣ್ಣು ಮೆತ್ತಗಾದಾಗ ಇದರ ಬೆಲೆ ಗೊತ್ತಾಗುವುದು. ಗೂಡಿನ ಒಳಗಿನ ನೆಲವನ್ನು ಹುಲ್ಲು ಬೆಳೆಯಲೆಂದು ಹಾಗೇ ಬಿಟ್ಟಿದ್ದೇನೆ. ತಂತಿಯ ಮೇಲೆ ಓಡಾಡಿಸಿದರೆ ಗಿನಿ ಪಿಗ್‌ಗಳ ಅಂಗಾಲು ಹುಣ್ಣಾಗುತ್ತದೆ.

ಬಾಗಿಲಿಗೆ ಕೊಕ್ಕೆ ಬೇಡವೇ ಬೇಡ. ಮೂತಿಯಿಂದ ಮೇಲಕ್ಕೆ ಎತ್ತಿದರೆ ಕೊಕ್ಕೆ ಕಳಚುತ್ತದೆ, ಬುದ್ಧಿವಂತ ನಾಯಿ ಅದನ್ನು ಬೇಗ ಕಲಿಯುತ್ತದೆ. ಮೇಲೊಂದು ಕೆಳಗೊಂದು ಅಡ್ಡ ಸರಿಸುವ ಚಿಲಕ, ಒಂದಕ್ಕೆ ಬೀಗ. ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿಸಿದರೆ ತಳ್ಳುವ ನಾಯಿ ಅದನ್ನು ಇನ್ನೂ ಭದ್ರವಾಗಿ ಮುಚ್ಚಿದಂತೆಯೇ ಆಗುತ್ತದೆ.

ಇನ್ನು ಮರೆ. ನಮ್ಮ ರಸ್ತೆಯಲ್ಲಿ ಒಬ್ಬರ ಮನೆಯಲ್ಲಿ ಮುಧೋಳ ಬೆರಕೆಯ ನಾಯಿಯಿದೆ, ಬೆಳಗಿನ ಜಾವ ಬಿಟ್ಟುಬಿಡುತ್ತಾರೆ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿ; ಮೊಲ ಅಟ್ಟಿಸಿಕೊಂಡು ಹೋಗುವ ರಕ್ತ ಅದರದು. ಮೂಸುವುದಕ್ಕಿಂತ ಮೊದಲು ಚಲನೆ ಅದರ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಗೂಡಿನ ಮೂರು ಬದಿಗೆ ಕೆಳಗಿನಿಂದ ಒಂದೂವರೆ ಅಡಿ ಎತ್ತರಕ್ಕೆ ತೆಂಗಿನ ಗರಿ ಹೆಣೆದ ತಟ್ಟಿ ಕಟ್ಟಿದ್ದೇನೆ. ತಗಡು ಕಟ್ಟಿದರೆ ಬಿಸಿಲಿಗೆ ಕಾದು ಒಳಗೆಲ್ಲ ಝಳ. ತಟ್ಟಿಯಲ್ಲಿ ಗಾಳಿಯಾಡುತ್ತದೆ, ಹಳೆಯದಾದರೆ ಬದಲಿಸುವುದೂ ಸುಲಭ. ಮನೆಯ ಕಡೆಗಿರುವ ಬದಿ ಮಾತ್ರ ತೆರೆದಿದೆ, ಅಡುಗೆಮನೆ ಕಿಟಕಿಯಿಂದ ನನಗೆ ಕಾಣುವಂತೆ. ಒಳಗೆ ಅಡಗಲು ಮಣ್ಣಿನ ಮಡಕೆಗಳನ್ನು ಎರಡೂ ಕಡೆ ಬಾಯಿ ಬರುವಂತೆ ಒಡೆದು, ಅಂಚು ಉಜ್ಜಿ ನಯ ಮಾಡಿ, ಗೂಡಿನ ನಡುಮಧ್ಯೆ ಮಗುಚಿಟ್ಟಿದ್ದೇನೆ. ನಡುವೆಯೇ ಇಡಬೇಕು. ಜಾಲರಿಗೆ ಒತ್ತಿ ಇಟ್ಟರೆ ಹೆದರಿ ಓಡಿದ ಪ್ರಾಣಿ ನೇರವಾಗಿ ನಾಯಿಯ ಮೂತಿಯ ಹತ್ತಿರಕ್ಕೇ ಹೋದಂತಾಗುತ್ತದೆ.

ಇಷ್ಟೆಲ್ಲ ಗೂಡಿನ ಮಾತಾಯಿತು. ನಾಯಿಯನ್ನು ಗೂಡಿನ ತನಕ ಬರಗೊಡದೆ ತಡೆಯುವುದು ಕಾಂಪೌಂಡಿನ ಕೆಲಸ. ಗೇಟಿನ ಕೆಳಗಿನ ಸಂದಿಗೆ ಕಬ್ಬಿಣದ ಪಟ್ಟಿ ಬೆಸೆಸಿದೆ. ತಲೆ ತೂರಿದ ಜಾಗದಲ್ಲಿ ನಾಯಿ ಮೈಯನ್ನೂ ತೂರಿಸುತ್ತದೆ. ಮಳೆನೀರು ಹೋಗುವ ಪೈಪಿನ ಬಾಯಿಗೆ ಸಣ್ಣ ಗ್ರಿಲ್, ಅದು ಮುಂಗುಸಿಗೂ ಸೇರಿ. ನಾವು ಯಾರೂ ಎಣಿಸದ ಇನ್ನೊಂದು ದಾರಿ ಪಕ್ಕದ ಸೈಟಿನಲ್ಲಿತ್ತು. ಅಲ್ಲಿ ಮನೆ ಕಟ್ಟುವವರು ನಮ್ಮ ಗೋಡೆಗೆ ಆನಿಸಿ ಎಂ-ಸ್ಯಾಂಡ್ ರಾಶಿ ಹಾಕಿಸಿದ್ದರು. ಐದಡಿ ಗೋಡೆ ಆ ಕಡೆಯಿಂದ ಮೊಣಕಾಲೆತ್ತರ ಆಗಿಬಿಟ್ಟಿತ್ತು, ರಾಶಿಯ ತುದಿಯವರೆಗೂ ನಾಯಿ ಹೆಜ್ಜೆ. ಮೇಸ್ತ್ರಿಯ ಹತ್ತಿರ ಮಾತಾಡಿ ರಾಶಿಯನ್ನು ಆಚೆಗೆ ಎಳೆಸಿದೆ. ನಿಮ್ಮ ಗೋಡೆಯ ಎತ್ತರವನ್ನು ಹೊರಗೆ ಹೋಗಿ ನಿಂತು ನೋಡಿ.

ನಾಯಿ ಬರುತ್ತಿದೆಯೇ ಎಂದು ತಿಳಿಯಲು ಸಂಜೆ ಗೂಡಿನ ಸುತ್ತ ಜರಡಿ ಹಿಡಿದ ಮರಳನ್ನು ತೆಳುವಾಗಿ ಎರಚಿ, ಬೆಳಿಗ್ಗೆ ಹೆಜ್ಜೆ ಓದುವುದು ನನ್ನ ರೂಢಿ. ನಾಲ್ಕು ಬೆರಳು, ಮುಂದೆ ಉಗುರಿನ ಚುಕ್ಕೆ ಇದ್ದರೆ ನಾಯಿ. ನಾಲ್ಕು ಬೆರಳಿದ್ದು ಉಗುರಿನ ಗುರುತಿಲ್ಲದಿದ್ದರೆ ಬೆಕ್ಕು, ಏಕೆಂದರೆ ಅದು ಉಗುರು ಒಳಗೆ ಎಳೆದುಕೊಂಡು ನಡೆಯುತ್ತದೆ. ಸಣ್ಣ ಐದು ಬೆರಳಿನದು ಮುಂಗುಸಿ. ಎಲ್ಲಿಂದ ಬಂತು ಎಂಬುದೂ ಮರಳಿನಲ್ಲೇ ಸಿಗುತ್ತದೆ, ಯಾವ ಸಂದಿ ಮುಚ್ಚಬೇಕೆಂದು ಆಗ ಗೊತ್ತಾಗುತ್ತದೆ. ಖಾಲಿ ಗೂಡಿನೊಳಗೆ ಕೋಳಿ ಮೂಳೆ ಇಟ್ಟು ನಾಯಿ ಒಳಗೆ ಹೋಗುತ್ತದೋ ಇಲ್ಲವೋ ಪರೀಕ್ಷೆ ಮಾಡಿ ಎಂದು ಒಬ್ಬರು ಸಲಹೆ ಕೊಟ್ಟರು. ಅದನ್ನು ಮಾತ್ರ ಮಾಡಬೇಡಿ. ಇಲ್ಲಿ ಊಟ ಸಿಗುತ್ತದೆ ಎಂದು ನಾಯಿಗೆ ನಾವೇ ಕಲಿಸಿಕೊಟ್ಟಂತೆ.

ನಾಯಿಗಳ ಮೇಲೆ ನನಗೆ ಸಿಟ್ಟಿಲ್ಲ. ಅನ್ನಕ್ಕೆ ವಿಷ ಬೆರೆಸಿ ಇಡುವ ಮಾತನ್ನು ಸಲೀಸಾಗಿ ಆಡುವವರಿದ್ದಾರೆ. ಅದು ಪಾಪ ಮಾತ್ರವಲ್ಲ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿಯಲ್ಲೂ ಅಪರಾಧ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ತಂದು ಬಿಡಬೇಕು, ಅದು ಸ್ಥಳೀಯ ಸಂಸ್ಥೆಯ ಹೊಣೆ. ನಾಯಿ ನಮ್ಮ ರಸ್ತೆಯಲ್ಲಿ ಇದ್ದೇ ಇರುತ್ತದೆ ಎಂದುಕೊಂಡೇ ನಾವು ತಯಾರಾಗಬೇಕು. ಅರ್ಜಿ ಕೊಟ್ಟು, ಮತ್ತೆ ಮತ್ತೆ ಹೋಗಿ ನೆನಪಿಸಿ, ನಮ್ಮ ರಸ್ತೆಯ ನಾಯಿಗಳಿಗೆ ಚಿಕಿತ್ಸೆ ಮಾಡಿಸಿಕೊಂಡೆವು. ಈಗ ಅವುಗಳ ಕಿವಿಯ ತುದಿಯಲ್ಲಿ, ಚಿಕಿತ್ಸೆಯಾಗಿದೆ ಎಂದು ತೋರಿಸಲು ಕತ್ತರಿಸಿದ ಗುರುತಿದೆ. ಅವು ತಮ್ಮ ಜಾಗ ಬಿಟ್ಟು ಅಷ್ಟಾಗಿ ಅಲೆಯುವುದಿಲ್ಲ, ಹೊರಗಿನ ನಾಯಿಗಳನ್ನು ಸೇರಿಸುವುದೂ ಇಲ್ಲ. ಇನ್ನೊಂದು, ಭಾನುವಾರದ ಕೋಳಿ ಕಸವನ್ನು ಕವರಿನಲ್ಲಿ ಕಟ್ಟಿ ಖಾಲಿ ಸೈಟಿಗೆ ಎಸೆಯುವುದು ನಿಲ್ಲುವ ತನಕ ಯಾವ ಗೂಡೂ ಸಾಲದು. ಅಕ್ಕಪಕ್ಕದವರಿಗೆ ಇದನ್ನು ಮನೆಮನೆಗೆ ಹೋಗಿ ಹೇಳಿದೆ. ಕೇಳಿದವರು ಕೇಳಿದರು.

ಕತ್ತಲಾದ ಮೇಲೆ ನನ್ನ ಗಿನಿ ಪಿಗ್‌ಗಳು ಹೊರಗಿರುವುದಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿತ್ತಲಿನ ಸೌದೆ ಕೋಣೆಯ ಪೆಟ್ಟಿಗೆಗೆ ಬರುತ್ತವೆ. ಅದು ಸಿಮೆಂಟ್ ಬ್ಲಾಕಿನ ಗೋಡೆ, ಮರದ ಬಾಗಿಲು. ಕಾರ್ತಿಕ ಮಾಸದಲ್ಲಿ ಹಗಲೂ ಹುಷಾರಾಗಿರಬೇಕು, ಬೆದೆಗೆ ಬಂದ ನಾಯಿಗಳು ಹಿಂಡುಗಟ್ಟಿ ಊರೂರು ಅಲೆಯುವ ಕಾಲ ಅದು, ಅವುಗಳಲ್ಲಿ ನಮ್ಮ ಗುರುತಿನವು ಕಡಿಮೆ. ದೀಪಾವಳಿಯ ಪಟಾಕಿಗೆ ಬೆಚ್ಚಿದ ನಾಯಿ ಎಂಥ ಗೋಡೆಯನ್ನೂ ಹಾರಿ ಒಳಗೆ ಬರುತ್ತದೆ. ಹಬ್ಬದ ಮೂರೂ ದಿನ ಗಿನಿ ಪಿಗ್‌ಗಳು ಒಳಕೋಣೆಯಲ್ಲೇ ಇರಲಿ.

ಅಕಸ್ಮಾತ್ ನಾಯಿ ಹಿಡಿದೇಬಿಟ್ಟರೆ ಕೈ ಹಾಕಿ ಬಿಡಿಸಬೇಡಿ. ಬಕೆಟ್ ನೀರು ಎರಚಿ, ತಟ್ಟೆ ಬಡಿದು ಸದ್ದು ಮಾಡಿ. ನಿಮಗೆ ಹಲ್ಲು ತಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ. ಗಿನಿ ಪಿಗ್‌ನ ಗಾಯ ಮೇಲೆ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಆಳವಾಗಿರುತ್ತದೆ, ತುಪ್ಪಳ ಬಿಡಿಸಿ ಮೈಯೆಲ್ಲ ನೋಡಿ, ತಡಮಾಡದೆ ವೈದ್ಯರ ಹತ್ತಿರ ಒಯ್ಯಿರಿ. ಗಾಯವೇ ಇಲ್ಲದಿದ್ದರೂ ಕತ್ತಲ ಕೋಣೆಯಲ್ಲಿ ಸದ್ದಿಲ್ಲದ ಕಡೆ ಇಟ್ಟು, ಎದುರಿಗೆ ಗರಿಕೆ, ಒಂದು ಚೂರು ದೊಣ್ಣೆ ಮೆಣಸಿನಕಾಯಿ ಇಡಿ. ಅರ್ಧ ದಿನವಾದರೂ ಬಾಯಿಗೆ ಹಾಕದಿದ್ದರೆ, ಹಿಕ್ಕೆ ನಿಂತಿದ್ದರೆ ಕಾಯಬೇಡಿ. ಇವುಗಳ ಕರುಳು ಓಡುತ್ತಲೇ ಇರಬೇಕು, ನಿಂತರೆ ಪ್ರಾಣಕ್ಕೇ ಬರುತ್ತದೆ. ಪೆನಿಸಿಲಿನ್ ಜಾತಿಯ ಔಷಧಿ, ಅಮಾಕ್ಸಿಸಿಲಿನ್ ಸೇರಿ, ಬಾಯಿಯ ಮೂಲಕ ಕೊಟ್ಟರೆ ಗಿನಿ ಪಿಗ್ ಸಾಯಬಹುದು. ನಾಯಿ, ಹಸು ನೋಡುವ ಎಲ್ಲ ಡಾಕ್ಟರಿಗೂ ಗಿನಿ ಪಿಗ್ ನೋಡಿದ ಅಭ್ಯಾಸ ಇರುವುದಿಲ್ಲ. ನಿಮ್ಮೂರಲ್ಲಿ ಅಂಥವರು ಯಾರಿದ್ದಾರೆಂದು ಈಗಲೇ ವಿಚಾರಿಸಿ, ನಂಬರ್ ಬರೆದಿಟ್ಟುಕೊಳ್ಳಿ.

ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಕೆಳಗಿನ ಆಂಗಲ್‌ನ ತುಕ್ಕು ಕೆರೆದು ರೆಡ್ ಆಕ್ಸೈಡ್ ಬಳಿಯುತ್ತೇನೆ, ನೆಲದ ಪಟ್ಟಿಯ ಬೈಂಡಿಂಗ್ ವೈರುಗಳನ್ನು ಒಂದೊಂದಾಗಿ ಎಳೆದು ನೋಡಿ ಸಡಿಲವಾದದ್ದನ್ನು ಬದಲಿಸುತ್ತೇನೆ. ಊರಿಗೆ ಹೋಗುವಾಗ ನೋಡಿಕೊಳ್ಳುವವರಿಗೆ ಹೊರಗಿನ ಗೂಡಿನ ಕೀಲಿ ಕೊಡುವುದಿಲ್ಲ. ಆ ದಿನಗಳಲ್ಲಿ ಸೌದೆ ಕೋಣೆಗೇ ಹುಲ್ಲು ನೀರು ಹಾಕಿ ಹೋದರೆ ಸಾಕು ಎಂದು ಹೇಳಿರುತ್ತೇನೆ.